ಹಕ್ಕಿ ಮೊದಲು, ಫೋಟೋ ಆಮೇಲೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಎಂಟು, ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳಿಗೆ ಹಿರಿಯ ವಿದ್ಯಾರ್ಥಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



ನಾನು ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಹೊರಟು ಇಪ್ಪತ್ತು ವರ್ಷ ಆಯಿತು. ಹುಬ್ಬಳ್ಳಿಯಲ್ಲಿ ಬಿ.ಇ. ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಸಮಿತಿಯವರು ಫೋನ್ ಮಾಡಿ, 'ಮಕ್ಕಳಿಗೆ ಏನಾದರೂ ಹೇಳಬೇಕು, ಕಂಪ್ಯೂಟರ್ ಬಗ್ಗೆ ಹೇಳಿ' ಅಂದರು. 'ಕಂಪ್ಯೂಟರ್ ಬಗ್ಗೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ, ನಾನು ಹಕ್ಕಿ ಫೋಟೋ ಬಗ್ಗೆ ಹೇಳುತ್ತೇನೆ' ಅಂದೆ. ಅವರು ಒಪ್ಪಿದರು. ಅದರ ಜೊತೆಗೆ ಇನ್ನೊಂದು ಮಾತು ಕೇಳಿದರು. ಸ್ಮರಣ ಸಂಚಿಕೆಯ ಮುಖಪುಟಕ್ಕೆ ನಾನು ತೆಗೆದ ಒಂದು ಫೋಟೋ ಬೇಕು ಅಂದರು. ತಾಯಿ ಪಿಕಳಾರ ತನ್ನ ಮರಿಗಳಿಗೆ ಗುಟುಕು ಕೊಡುತ್ತಿರುವ ಫೋಟೋ. ಅದನ್ನು ಕೊಡಲು ಆಗುವುದಿಲ್ಲ ಎಂದು ಹೇಳಿದೆ. ಅವರಿಗೆ ಸ್ವಲ್ಪ ಬೇಜಾರಾಯಿತು. ಯಾಕೆ ಕೊಡಲಿಲ್ಲ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಫೋಟೋ ಹೇಗೆ ತೆಗೆಯುವುದು, ತೆಗೆದ ಮೇಲೆ ಹೇಗೆ ತಿದ್ದುವುದು ಎಂಬುದನ್ನು ನೋಡೋಣ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ಶನಿವಾರ ಬೆಳಿಗ್ಗೆ ನಮ್ಮನ್ನೆಲ್ಲ ಕೆರೆ ಏರಿಗೆ ಕರೆದುಕೊಂಡು ಹೋಗಿದ್ದರು. ಅವರ ಹತ್ತಿರ ಒಂದೇ ಒಂದು ದುರ್ಬೀನು. ನಾವು ನಲವತ್ತು ಮಂದಿ. ಒಬ್ಬೊಬ್ಬರಿಗೆ ಹತ್ತು ಎಣಿಸುವಷ್ಟು ಹೊತ್ತು ನೋಡಲು ಅವಕಾಶ. ನನ್ನ ಸರದಿ ಬಂದಾಗ ಒಣಗಿದ ಜಾಲಿಯ ಕೊಂಬೆ ಮೇಲೆ ಒಂದು ಮಿಂಚುಳ್ಳಿ ಕೂತಿತ್ತು. ದಿನಾ ನೋಡುತ್ತಿದ್ದ ಹಕ್ಕಿಯೇ. ಆದರೆ ಅದರ ನೀಲಿಯನ್ನು ನಾನು ನಿಜವಾಗಿ ನೋಡಿದ್ದು ಆ ಹತ್ತು ಎಣಿಕೆಯಲ್ಲಿ. ನನ್ನ ಹಿಂದೆ ನಿಂತವನು ಅಂಗಿ ಹಿಡಿದು ಎಳೆಯುವವರೆಗೂ ನಾನು ದುರ್ಬೀನು ಬಿಡಲಿಲ್ಲ. ಮುಂದೆ ಬಂದದ್ದೆಲ್ಲ ಅಲ್ಲಿಂದಲೇ ಶುರುವಾದದ್ದು.

ಕೆಲಸಕ್ಕೆ ಸೇರಿದ ಮೇಲೆ 2014ರಲ್ಲಿ ಒಂದು ಹಳೇ ಕ್ಯಾಮೆರಾ, 300 ಮಿ.ಮೀ. ವರೆಗಿನ ಒಂದು ಲೆನ್ಸ್ ಕೊಂಡೆ. ಕ್ಯಾಮೆರಾ ಇದ್ದರೆ ಸಾಕು, ಫೋಟೋ ತಾನೇ ಬರುತ್ತದೆ ಎಂದುಕೊಂಡಿದ್ದೆ. ಮೊದಲ ತಿಂಗಳಲ್ಲಿ ತೆಗೆದ ಎಂಟುನೂರು ಫೋಟೋಗಳಲ್ಲಿ ಬಹುಪಾಲು ಹಾರಿ ಹೋಗುತ್ತಿರುವ ಹಕ್ಕಿಯ ಹಿಂಭಾಗ. ಉಳಿದವು ಹಕ್ಕಿ ಹಾರಿ ಹೋದ ಮೇಲಿನ ಖಾಲಿ ಕೊಂಬೆ.

ಈಗ ವಿಷಯಕ್ಕೆ ಬರೋಣ. ಫೋಟೋ ಎಂದರೆ ಬೆಳಕು. ಕ್ಯಾಮೆರಾದೊಳಗೆ ಎಷ್ಟು ಬೆಳಕು ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ಎರಡು ಸಂಗತಿ. ನಲ್ಲಿಯಲ್ಲಿ ಕೊಡ ತುಂಬಿಸುವುದನ್ನು ನೆನೆಸಿಕೊಳ್ಳಿ. ನಲ್ಲಿಯನ್ನು ಎಷ್ಟು ತಿರುಗಿಸಿದ್ದೀರಿ ಎಂಬುದು ಅಪರ್ಚರ್. ಎಷ್ಟು ಹೊತ್ತು ಬಿಟ್ಟಿದ್ದೀರಿ ಎಂಬುದು ಶಟರ್ ಸ್ಪೀಡ್. ಮೂರನೆಯದು ಐ.ಎಸ್.ಒ. ಅದು ಈ ಮೈಕಿನ ವಾಲ್ಯೂಮ್ ಇದ್ದಂತೆ. ಬಂದ ಬೆಳಕು ಕಡಿಮೆಯಾದರೆ ಅದನ್ನು ಹೆಚ್ಚಿಸಿ ತೋರಿಸುತ್ತದೆ. ಆದರೆ ವಾಲ್ಯೂಮ್ ಜಾಸ್ತಿ ಮಾಡಿದಾಗ ಈಗ ಈ ಮೈಕ್ ಹೇಗೆ ಗೊರ್ ಎನ್ನುತ್ತಿದೆಯೋ, ಐ.ಎಸ್.ಒ. ಜಾಸ್ತಿ ಮಾಡಿದರೆ ಫೋಟೋದಲ್ಲೂ ರವೆ ಚೆಲ್ಲಿದಂತೆ ಕಾಳು ಕಾಳು ಕಾಣುತ್ತದೆ. ಅದನ್ನು ನಾಯ್ಸ್ ಎನ್ನುತ್ತಾರೆ.

ಲೆಕ್ಕ ಸುಲಭ. ಶಟರ್ ಸ್ಪೀಡನ್ನು ಸೆಕೆಂಡಿನ 1/500ರಿಂದ 1/1000ಕ್ಕೆ ತಂದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಅದನ್ನು ಸರಿದೂಗಿಸಲು ಐ.ಎಸ್.ಒ. 400 ಇದ್ದದ್ದನ್ನು 800 ಮಾಡಬೇಕು. ಒಂದು ಕಡೆ ಕಳೆದದ್ದನ್ನು ಇನ್ನೊಂದು ಕಡೆ ಕೂಡಬೇಕು, ಅಷ್ಟೇ. ಕೂತ ಹಕ್ಕಿಗೆ 1/500 ಸಾಕು. ನಡೆದಾಡುವ, ತಲೆ ಕುಣಿಸುವ ಹಕ್ಕಿಗೆ 1/1000 ಬೇಕು. ಹಾರುವ ಹಕ್ಕಿಗೆ 1/2000, ಮಿಂಚುಳ್ಳಿ ನೀರಿಗೆ ಎರಗುವುದನ್ನು ಹಿಡಿಯಬೇಕಾದರೆ ಇನ್ನೂ ಹೆಚ್ಚು. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ನಾಯ್ಸ್ ಬರುತ್ತದೆಂದು ಹೆದರಿ ಐ.ಎಸ್.ಒ. ಕಡಿಮೆ ಇಟ್ಟು, ಶಟರ್ ಸ್ಪೀಡ್ ಇಳಿಸಿಬಿಡುವುದು. ನಾಯ್ಸ್ ಇರುವ ಫೋಟೋವನ್ನು ತಿದ್ದಬಹುದು. ಅಲುಗಾಡಿದ ಫೋಟೋವನ್ನು ಪ್ರಾಮಾಣಿಕವಾಗಿ ತಿದ್ದಲು ಆಗುವುದಿಲ್ಲ.

ಇನ್ನೊಂದು ಸಂಗತಿ ನಮ್ಮೂರಿನ ಎಮ್ಮೆಯಿಂದ ಕಲಿತದ್ದು. ಕೆರೆಯಲ್ಲಿ ಎಮ್ಮೆ ಬೆನ್ನ ಮೇಲೆ ಗೋವಕ್ಕಿ ಕೂತಿರುವುದನ್ನು ನೀವೆಲ್ಲ ನೋಡಿದ್ದೀರಿ. ಎಮ್ಮೆ ಕಪ್ಪು, ಹಕ್ಕಿ ಬಿಳಿ. ಕ್ಯಾಮೆರಾಕ್ಕೆ ಎಮ್ಮೆ ಎಂದರೇನು, ಹಕ್ಕಿ ಎಂದರೇನು ಗೊತ್ತಿಲ್ಲ. ನೋಡಿದ್ದೆಲ್ಲ ಸರಾಸರಿ ಬೂದು ಬಣ್ಣಕ್ಕೆ ಬರಬೇಕೆಂಬುದು ಅದರ ಲೆಕ್ಕ. ಚೌಕಟ್ಟಿನ ತುಂಬ ಕಪ್ಪು ಎಮ್ಮೆ ಕಂಡ ಕೂಡಲೇ 'ಅಯ್ಯೋ, ಕತ್ತಲೆ' ಎಂದುಕೊಂಡು ಬೆಳಕು ಹೆಚ್ಚಿಸುತ್ತದೆ. ಎಮ್ಮೆ ಬೂದಿಯಾಗುತ್ತದೆ, ಗೋವಕ್ಕಿ ಸುಣ್ಣದ ಉಂಡೆಯಾಗುತ್ತದೆ, ಒಂದು ಗರಿಯೂ ಕಾಣುವುದಿಲ್ಲ. ಆಗ ನಾವು ಎಕ್ಸ್‌ಪೋಷರ್ ಕಾಂಪನ್ಸೇಷನ್ ಎಂಬ ಗುಂಡಿಯಲ್ಲಿ ಒಂದು ಹೆಜ್ಜೆ ಕಡಿಮೆ ಮಾಡಬೇಕು. ಇದಕ್ಕೆ ವಿರುದ್ಧವಾಗಿ, ಬಿಳಿ ಆಕಾಶದ ಎದುರಿಗೆ ತಂತಿ ಮೇಲೆ ಕೂತ ಕಾಜಾಣವನ್ನು ತೆಗೆಯುವಾಗ ಒಂದು ಹೆಜ್ಜೆ ಹೆಚ್ಚಿಸಬೇಕು. ಇಲ್ಲದಿದ್ದರೆ ಹಕ್ಕಿ ಇದ್ದಿಲಿನ ತುಂಡಾಗಿ ಬರುತ್ತದೆ. ಫೋನಿನಲ್ಲೂ ಇದು ಸಾಧ್ಯ. ಪರದೆಯ ಮೇಲೆ ಹಕ್ಕಿಯನ್ನು ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೋ ಮೇಲೋ ಎಳೆದರೆ ಆಯಿತು.

ಒಂದು ಮಾತು ನೆನಪಿಡಿ. ಕಪ್ಪಿನಲ್ಲಿ ಅಡಗಿದ್ದನ್ನು ಸ್ವಲ್ಪ ಮಟ್ಟಿಗೆ ಹೊರಗೆ ತರಬಹುದು. ಪೂರ್ತಿ ಸುಟ್ಟು ಬಿಳಿಯಾದದ್ದನ್ನು ಯಾವ ಸಾಫ್ಟ್‌ವೇರೂ ಮರಳಿ ತಂದುಕೊಡುವುದಿಲ್ಲ. ಅಲ್ಲಿ ಮಾಹಿತಿಯೇ ಇರುವುದಿಲ್ಲ. ನಮ್ಮ ವೃತ್ತಿಯಲ್ಲಿ ಒಂದು ಮಾತಿದೆ, ಕಸ ಹಾಕಿದರೆ ಕಸವೇ ಬರುತ್ತದೆ ಎಂದು. ಫೋಟೋಗೂ ಅದೇ ನ್ಯಾಯ.

ಮುಂದಿನದು, ಕಣ್ಣು. ಹಕ್ಕಿಯ ಬಾಲ ಮಸುಕಾದರೂ ನಡೆಯುತ್ತದೆ, ಕಣ್ಣು ಮಸುಕಾದರೆ ಫೋಟೋ ಸತ್ತಂತೆ. ಫೋಕಸ್ ಯಾವಾಗಲೂ ಕಣ್ಣಿನ ಮೇಲಿರಲಿ. ಮತ್ತು ನಮ್ಮ ಕಣ್ಣು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ನಿಂತುಕೊಂಡು ಕೆಳಗೆ ನೋಡಿ ತೆಗೆದ ಫೋಟೋದಲ್ಲಿ ಹಕ್ಕಿ ಗುಬ್ಬಚ್ಚಿ ಗಾತ್ರದ ಕಲ್ಲಿನಂತೆ ಕಾಣುತ್ತದೆ. ಕೆರೆಯಂಗಳದಲ್ಲಿ ಮಲಗಿ ತೆಗೆದರೆ ಅದೇ ಹಕ್ಕಿ ತನ್ನ ಲೋಕದಲ್ಲಿ ತಾನು ದೊಡ್ಡದಾಗಿ ನಿಲ್ಲುತ್ತದೆ. ಹಿನ್ನೆಲೆ ದೂರ ಸರಿದು ಮೆತ್ತಗಾಗುತ್ತದೆ. ಇದಕ್ಕೆ ಲಕ್ಷ ರೂಪಾಯಿಯ ಲೆನ್ಸ್ ಬೇಕಿಲ್ಲ, ಕೆಸರಾದರೂ ಪರವಾಗಿಲ್ಲ ಎನ್ನುವ ಒಂದು ಹಳೇ ಅಂಗಿ ಸಾಕು. ನಮ್ಮವ್ವ ನನ್ನ ಅಂಗಿ ನೋಡಿ, 'ಇಂಜಿನಿಯರ್ ಆದ ಮ್ಯಾಲೂ ಎಮ್ಮಿ ಹೊಂಡದಾಗ ಹೊಳ್ಳಾಡತಾನ' ಎಂದು ಬೈದದ್ದುಂಟು.

ಹೊತ್ತು ಕೂಡ ಮುಖ್ಯ. ಬೆಳಿಗ್ಗೆ ಸೂರ್ಯ ಹುಟ್ಟಿದ ಮೇಲಿನ ಎರಡು ತಾಸು, ಸಂಜೆ ಮುಳುಗುವ ಮೊದಲಿನ ಎರಡು ತಾಸು ಬೆಳಕು ಓರೆಯಾಗಿ, ಮೆತ್ತಗೆ ಬೀಳುತ್ತದೆ. ಸೂರ್ಯ ನಿಮ್ಮ ಬೆನ್ನಿಗಿರಲಿ, ನಿಮ್ಮ ನೆರಳು ಹಕ್ಕಿಯ ಕಡೆಗೆ ಚಾಚಿರಲಿ. ಮಧ್ಯಾಹ್ನ ಹನ್ನೆರಡರ ಬಿಸಿಲಲ್ಲಿ ನೆಲದಿಂದ ಏಳುವ ಬಿಸಿಗಾಳಿಯಲ್ಲಿ ಬೆಳಕು ನಡುಗುತ್ತದೆ. ದೂರದ ಹಕ್ಕಿಯನ್ನು ಎಂಥಾ ಲೆನ್ಸಿನಿಂದ ತೆಗೆದರೂ ನೀರಿನೊಳಗೆ ಇಟ್ಟು ತೆಗೆದಂತೆ ಬರುತ್ತದೆ. ಅದು ಕ್ಯಾಮೆರಾದ ದೋಷ ಅಲ್ಲ. ನಾನು ಇದನ್ನು ತಿಳಿಯದೆ ಲೆನ್ಸ್ ಕೆಟ್ಟಿದೆ ಎಂದು ಎರಡು ಸಲ ರಿಪೇರಿಗೆ ಕೊಟ್ಟಿದ್ದೆ.

ಎಲ್ಲಕ್ಕಿಂತ ದೊಡ್ಡ ತಂತ್ರ ಹಕ್ಕಿಯನ್ನು ಬಲ್ಲುದು. ಮಿಂಚುಳ್ಳಿ ಎರಗುವ ಮೊದಲು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ. ಕೂತ ಹದ್ದು ಹಾರುವ ಮೊದಲು ಎಷ್ಟೋ ಸಲ ಹಿಕ್ಕೆ ಹಾಕಿ ಮೈ ಹಗುರ ಮಾಡಿಕೊಳ್ಳುತ್ತದೆ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏಳುತ್ತವೆ. ಇದು ಗೊತ್ತಿದ್ದವನು ಮೊದಲೇ ಸರಿಯಾದ ಜಾಗದಲ್ಲಿ ಕೂತಿರುತ್ತಾನೆ. ಗೊತ್ತಿಲ್ಲದವನು ಸೆಕೆಂಡಿಗೆ ಇಪ್ಪತ್ತು ಫೋಟೋ ಹೊಡೆದು ಅದೃಷ್ಟ ಕಾಯುತ್ತಾನೆ. ಹಿಂದಿನವರಿಗೆ ಒಂದು ರೋಲಿನಲ್ಲಿ ಇದ್ದದ್ದು 36 ಫೋಟೋ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಇಂಥವರು ಕರ್ನಾಟಕಕ್ಕೆ ಹೆಸರು ತಂದದ್ದು ಆ ಫಿಲ್ಮ್ ಕಾಲದಲ್ಲಿ. ಘೋರ್ಪಡೆಯವರು ನಮ್ಮ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು. ಅವರ ಕಪ್ಪು ಬಿಳುಪು ಆನೆಗಳನ್ನು ನೋಡಿದರೆ ಬಣ್ಣ ಬೇಕೆನಿಸುವುದಿಲ್ಲ. ಕೃಪಾಕರ ಮತ್ತು ಸೇನಾನಿ ಸೀಳುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದು ಮಾಡಿದ ಚಿತ್ರಕ್ಕೆ 2010ರಲ್ಲಿ ಗ್ರೀನ್ ಆಸ್ಕರ್ ಎಂದು ಕರೆಯುವ ಪ್ರಶಸ್ತಿ ಬಂತು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರೂ ಹಕ್ಕಿ ಹಿಂದೆ ಕ್ಯಾಮೆರಾ ಹಿಡಿದು ಕೂತವರೇ. ಇವರೆಲ್ಲರ ಬಂಡವಾಳ ಕಾಯುವುದು.

ಈಗ ಎಡಿಟಿಂಗ್ ಅಂದರೆ ತಿದ್ದುವ ಕೆಲಸ. ಮೊದಲನೆಯ ಎಡಿಟಿಂಗ್ ಆರಿಸುವುದು. ಆರುನೂರು ಫೋಟೋ ತೆಗೆದರೆ ಹತ್ತು ಇಟ್ಟುಕೊಳ್ಳಿ. ಕಣ್ಣು ಮಸುಕಾದದ್ದು, ತಲೆ ತಿರುಗಿಸಿದ್ದು, ರೆಕ್ಕೆ ಕತ್ತರಿಸಿ ಹೋದದ್ದು ಎಲ್ಲ ತೆಗೆಯಿರಿ. ಒಳ್ಳೆಯ ಫೋಟೋಗ್ರಾಫರ್ ಎಂದರೆ ಕೆಟ್ಟ ಫೋಟೋಗಳನ್ನು ಯಾರಿಗೂ ತೋರಿಸದವನು.

ಎರಡನೆಯದು, ಕ್ಯಾಮೆರಾದಲ್ಲಿ ರಾ ಎಂಬ ಮಾದರಿಯಲ್ಲಿ ಫೋಟೋ ಉಳಿಸಿ. ಜೆಪೆಗ್ ಎಂದರೆ ಮಾಡಿಟ್ಟ ರೊಟ್ಟಿ, ರಾ ಎಂದರೆ ನಾದಿದ ಹಿಟ್ಟು. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 8 ಬಿಟ್, ಅಂದರೆ ಎರಡರ ಎಂಟನೇ ಘಾತ, 256 ಮೆಟ್ಟಿಲು. 14 ಬಿಟ್ ರಾ ಫೈಲಿನಲ್ಲಿ 16,384 ಮೆಟ್ಟಿಲು. ಗಣಿತದ ಮೇಷ್ಟ್ರು ಘಾತಾಂಕ ಯಾಕೆ ಕಲಿಸುತ್ತಾರೆ ಎಂದು ನಾನು ಇಲ್ಲಿ ಕೂತು ಯೋಚಿಸುತ್ತಿದ್ದೆ. ಉತ್ತರ ಇದು. ಮೆಟ್ಟಿಲು ಹೆಚ್ಚಿದ್ದಷ್ಟೂ ಬೆಳಕನ್ನು ಏರಿಸಿ ಇಳಿಸಿದಾಗ ಬಣ್ಣ ಒಡೆಯುವುದಿಲ್ಲ.

ಮೂರನೆಯದು, ಕ್ರಮ. ನಾನು ಪಾಲಿಸುವ ಕ್ರಮ ಹೀಗಿದೆ. ಮೊದಲು ಕೆರೆಯ ನೀರಿನ ಗೆರೆ ಓರೆಯಾಗಿದ್ದರೆ ನೇರ ಮಾಡುತ್ತೇನೆ. ಆಮೇಲೆ ಬೇಡದ ಅಂಚನ್ನು ಕತ್ತರಿಸುತ್ತೇನೆ. ಹಕ್ಕಿ ನೋಡುತ್ತಿರುವ ಕಡೆ ಜಾಗ ಬಿಡುತ್ತೇನೆ. ಆಮೇಲೆ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿ ಕಾಣುವಂತೆ ಮಾಡುವುದು. ಆಮೇಲೆ ಒಟ್ಟು ಬೆಳಕು, ನಂತರ ಹೊಳಪಿನ ಭಾಗ, ನೆರಳಿನ ಭಾಗ. ಆಮೇಲೆ ನಾಯ್ಸ್ ಕಡಿಮೆ ಮಾಡುವುದು, ಅದೂ ಹಿನ್ನೆಲೆಯಲ್ಲಿ ಹೆಚ್ಚು, ಗರಿಗಳ ಮೇಲೆ ಕಡಿಮೆ. ಬಣ್ಣವನ್ನು ಸ್ವಲ್ಪ ಮಾತ್ರ ಮುಟ್ಟುತ್ತೇನೆ. ಎಲ್ಲ ಮುಗಿದು, ಬೇಕಾದ ಗಾತ್ರಕ್ಕೆ ತಂದ ಮೇಲೆ ಕೊನೆಯಲ್ಲಿ ಶಾರ್ಪನಿಂಗ್. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಡಾರ್ಕ್‌ಟೇಬಲ್, ರಾಥೆರಪಿ, ಗಿಂಪ್ ಎಂಬ ತಂತ್ರಾಂಶಗಳು ಉಚಿತ. ನಿಮ್ಮ ಕಂಪ್ಯೂಟರ್ ಲ್ಯಾಬಿನಲ್ಲೂ ಹಾಕಿಕೊಳ್ಳಬಹುದು. ಫೋನಿನಲ್ಲಿ ಸ್ನ್ಯಾಪ್‌ಸೀಡ್ ಸಾಕು. ಮೂಲ ಫೈಲನ್ನು ಮಾತ್ರ ಯಾವತ್ತೂ ಅಳಿಸಬೇಡಿ. ಪ್ರತಿಯ ಮೇಲೆ ಕೆಲಸ ಮಾಡಿ.

ಕತ್ತರಿಸುವುದಕ್ಕೂ ಒಂದು ಮಿತಿ ಇದೆ. 24 ಮೆಗಾಪಿಕ್ಸೆಲ್ ಫೋಟೋ ಎಂದರೆ ಉದ್ದ 6000, ಅಗಲ 4000 ಚುಕ್ಕಿ. ಎರಡೂ ಕಡೆ ಅರ್ಧ ಕತ್ತರಿಸಿದರೆ ಉಳಿಯುವುದು ಅರ್ಧ ಅಲ್ಲ, ಕಾಲು ಭಾಗ, 6 ಮೆಗಾಪಿಕ್ಸೆಲ್. ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೆ ಪೂರ್ತಿ ಫೋಟೋ 20 ಇಂಚು ಉದ್ದ ಬರುತ್ತದೆ, ಕತ್ತರಿಸಿದ್ದು 10 ಇಂಚು ಮಾತ್ರ. ದೂರದಿಂದ ತೆಗೆದು ಕತ್ತರಿಸಿ ದೊಡ್ಡದು ಮಾಡುತ್ತೇನೆ ಎಂದರೆ ಗರಿಯ ಬದಲು ಚೌಕಗಳು ಕಾಣುತ್ತವೆ.

ಹೊಸಬರ ಎಡಿಟಿಂಗ್ ಗುರುತಿಸುವುದು ಸುಲಭ. ಗಿಣಿ ಜಾತ್ರೆಯ ಪ್ಲಾಸ್ಟಿಕ್ ಗಿಣಿಯಾಗಿರುತ್ತದೆ. ಆಕಾಶ ನೀಲಿ ಹಾಕಿದ ಬಿಳಿ ಪಂಚೆಯಂತಿರುತ್ತದೆ. ಹಕ್ಕಿಯ ಸುತ್ತ ದೇವರ ಫೋಟೋದಲ್ಲಿರುವಂತೆ ಬಿಳಿ ಪ್ರಭಾವಳಿ ಇರುತ್ತದೆ. ಅದು ಶಾರ್ಪನಿಂಗ್ ಅತಿಯಾದದ್ದರ ಗುರುತು. ನಾನೂ ಇದೆಲ್ಲ ಮಾಡಿದ್ದೇನೆ. ಇದಕ್ಕೆ ನಾನು ಕಂಡುಕೊಂಡ ಔಷಧಿ, ತಿದ್ದಿದ ಫೋಟೋವನ್ನು ಅದೇ ರಾತ್ರಿ ಯಾರಿಗೂ ಕಳಿಸದೆ ಮಲಗುವುದು. ಬೆಳಿಗ್ಗೆ ಎದ್ದು ಮೂಲದ ಪಕ್ಕ ಇಟ್ಟು ನೋಡಿದರೆ ಅತಿಯಾದದ್ದು ತಾನೇ ಕಾಣುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಕೈಕೆಲಸ. ಇನ್ನು ಮೇಲೆ ಹೇಳುವುದು ಸ್ವಲ್ಪ ಕಷ್ಟದ ಮಾತು.

ತಿದ್ದುವುದು ಎಲ್ಲಿ ಮುಗಿದು ಸುಳ್ಳು ಎಲ್ಲಿ ಶುರುವಾಗುತ್ತದೆ? ಅಮೆರಿಕದ ಪಿ.ಎಸ್.ಎ., ಅಂತರರಾಷ್ಟ್ರೀಯ ಸಂಸ್ಥೆ ಎಫ್.ಐ.ಎ.ಪಿ., ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಈ ಮೂರೂ ಸೇರಿ ನಿಸರ್ಗ ಛಾಯಾಚಿತ್ರಕ್ಕೆ ಒಂದೇ ವ್ಯಾಖ್ಯೆ ಒಪ್ಪಿಕೊಂಡಿವೆ. ಅದರ ಸಾರ ಇಷ್ಟು: ಅಂಚು ಕತ್ತರಿಸಬಹುದು, ಬೆಳಕು ಸರಿಮಾಡಬಹುದು, ನಾಯ್ಸ್ ತೆಗೆಯಬಹುದು. ಆದರೆ ಚಿತ್ರದೊಳಗೆ ಇಲ್ಲದ್ದನ್ನು ಸೇರಿಸಬಾರದು, ಇದ್ದದ್ದನ್ನು ಅಳಿಸಬಾರದು, ಒಂದು ಕಡೆ ಇದ್ದದ್ದನ್ನು ಇನ್ನೊಂದು ಕಡೆ ಇಡಬಾರದು.

ಲಂಡನ್ನಿನಲ್ಲಿ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಎಂಬ ದೊಡ್ಡ ಸ್ಪರ್ಧೆ ನಡೆಯುತ್ತದೆ. 2009ರಲ್ಲಿ ಬೇಲಿಯ ಗೇಟು ಹಾರುತ್ತಿರುವ ತೋಳದ ಚಿತ್ರಕ್ಕೆ ಮೊದಲ ಬಹುಮಾನ ಬಂತು. ಆಮೇಲೆ ಅದು ಕಾಡಿನ ತೋಳ ಅಲ್ಲ, ಪಳಗಿಸಿದ ತೋಳ ಇರಬಹುದೆಂದು ತೀರ್ಪುಗಾರರಿಗೆ ಮನವರಿಕೆಯಾಗಿ 2010ರಲ್ಲಿ ಬಹುಮಾನ ಹಿಂತೆಗೆದುಕೊಂಡರು. 2017ರಲ್ಲಿ ಅದೇ ಸ್ಪರ್ಧೆಯ ಒಂದು ವಿಭಾಗದಲ್ಲಿ ಗೆದ್ದ ಚಿತ್ರದಲ್ಲಿ ಹೊಳೆಯುವ ಗೆದ್ದಲು ಹುತ್ತದ ಮುಂದೆ ಇರುವೆಭಕ್ಷಕ ಪ್ರಾಣಿ ನಿಂತಿತ್ತು. ಅದು ತುಂಬಿಟ್ಟ ಪ್ರಾಣಿಯಂತಿದೆ ಎಂದು ತಜ್ಞರು ಹೋಲಿಸಿ ಹೇಳಿದ ಮೇಲೆ 2018ರಲ್ಲಿ ಅದನ್ನೂ ಅನರ್ಹಗೊಳಿಸಿದರು. ಇಬ್ಬರು ಫೋಟೋಗ್ರಾಫರುಗಳೂ ಆರೋಪ ಒಪ್ಪಲಿಲ್ಲ. ಆದರೂ ಇವತ್ತು ಆ ಚಿತ್ರಗಳನ್ನು ನೋಡುವವರ ಮನಸ್ಸಿನಲ್ಲಿ ಮೊದಲು ಬರುವುದು ಅನುಮಾನವೇ.

ದೊಡ್ಡವರ ಕಥೆ ಹೇಳಿ ನಾನು ತಪ್ಪಿಸಿಕೊಳ್ಳುವುದು ಸರಿಯಲ್ಲ. ನನ್ನದೂ ಒಂದು ಇದೆ. ನಮ್ಮೂರ ಕೆರೆಯ ಮೇಲೆ ಬಣ್ಣದ ಕೊಕ್ಕರೆಯೊಂದು ಹಾರಿ ಬರುತ್ತಿರುವ ಫೋಟೋ ತೆಗೆದಿದ್ದೆ. ಹಿಂದೆ ವಿದ್ಯುತ್ ಕಂಬ, ಮೂರು ತಂತಿ. ರಾತ್ರಿ ಕೂತು ಕಂಬವನ್ನೂ ತಂತಿಯನ್ನೂ ಅಳಿಸಿದೆ. ನಾನು ಕೆಲಸ ಮಾಡುವಲ್ಲಿ ನೌಕರರಿಗಾಗಿ ನಡೆದ ಫೋಟೋ ಸ್ಪರ್ಧೆಗೆ ಕಳಿಸಿದೆ. ಎರಡನೇ ಬಹುಮಾನ ಬಂತು. ಊರಿಗೆ ಬಂದಾಗ ಅಪ್ಪನಿಗೆ ತೋರಿಸಿದೆ. ಅಪ್ಪ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, 'ಕಂಬ ಎಲ್ಲಿ ಹೋತು?' ಅಂದರು. ತೆಗೆದಿದ್ದೇನೆ ಅಂದೆ. 'ಹಂಗಾರ ಇದು ನಮ್ಮ ಕೆರಿ ಅಲ್ಲ ಬಿಡು' ಎಂದು ಫೋನ್ ಕೊಟ್ಟುಬಿಟ್ಟರು. ಬಹುಮಾನ ಹಿಂದಿರುಗಿಸುವ ಧೈರ್ಯ ಆಗ ನನಗಿರಲಿಲ್ಲ. ಇವತ್ತು ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ಆ ತಂತಿ ಬರೀ ಕಸವಲ್ಲ ಎಂಬುದು ಆಮೇಲೆ ತಿಳಿಯಿತು. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರ್ಲಡ್ಡು ಹಕ್ಕಿಯನ್ನು ಕೇಳಿದ್ದೀರಿ. ಭಾರತದಲ್ಲಿ ಆ ಭಾರೀ ಹಕ್ಕಿ ಸಾಯುವ ಮುಖ್ಯ ಕಾರಣಗಳಲ್ಲಿ ವಿದ್ಯುತ್ ತಂತಿಗೆ ಬಡಿಯುವುದೂ ಒಂದು. ಮುಂದೆ ಏನಿದೆ ಎಂದು ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಕಂಡರೂ ಆ ತೂಕದ ಮೈಯನ್ನು ಥಟ್ಟನೆ ತಿರುಗಿಸಲು ಆಗುವುದಿಲ್ಲ. ರಾಜಸ್ಥಾನ ಮತ್ತು ಗುಜರಾತಿನ ತಂತಿಗಳ ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಫೋಟೋ ತೆಗೆಯುವವರೆಲ್ಲ ಚಂದ ಕಾಣಲಿ ಎಂದು ತಂತಿ ಅಳಿಸುತ್ತಾ ಹೋದರೆ, ಐವತ್ತು ವರ್ಷದ ನಂತರ ನಮ್ಮ ಫೋಟೋ ನೋಡುವವರಿಗೆ ಹಕ್ಕಿ ಯಾಕೆ ಸತ್ತಿತು ಎಂದೇ ಗೊತ್ತಾಗುವುದಿಲ್ಲ. ಈಗಂತೂ ಒಂದು ಗುಂಡಿ ಒತ್ತಿದರೆ ಫೋನೇ ಬೇಡದ್ದನ್ನು ಅಳಿಸಿ, ಆ ಜಾಗದಲ್ಲಿ ತನಗೆ ತೋಚಿದ್ದನ್ನು ತುಂಬಿಕೊಡುತ್ತದೆ. ನಾನು ಅಂಥ ಕ್ಷೇತ್ರದಲ್ಲೇ ಇರುವವನಾಗಿ ಹೇಳುತ್ತೇನೆ, ಅದು ತುಂಬುವ ಗರಿ ನಿಮ್ಮ ಹಕ್ಕಿಯ ಗರಿಯಲ್ಲ. ಕಲೆಗಾಗಿ ಮಾಡಿ, ಬೇಡ ಎನ್ನುವುದಿಲ್ಲ. ಮಾಡಿದ್ದನ್ನು ಕೆಳಗೆ ಬರೆಯಿರಿ.

ಈಗ ಪಿಕಳಾರದ ಮಾತು.

2015ರ ಮೇ ತಿಂಗಳು. ರಜೆಗೆ ಬಂದಿದ್ದೆ. ನಮ್ಮ ಹಿತ್ತಲ ನಿಂಬೆ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿತ್ತು. ಕಣ್ಣು ಬಿಡದ ಎರಡು ಮರಿ. ಎಲೆಗಳ ಮರೆಯಲ್ಲಿ ಗೂಡು ಸರಿಯಾಗಿ ಕಾಣುತ್ತಿರಲಿಲ್ಲ. ನಾನು ಕತ್ತರಿ ತಂದು ಅಡ್ಡ ಬಂದ ಎರಡು ಟೊಂಗೆ ಕತ್ತರಿಸಿದೆ. ಎರಡೇ ಎರಡು. ಆರಡಿ ದೂರದಲ್ಲಿ ಕುರ್ಚಿ ಹಾಕಿಕೊಂಡು ಮೂರು ತಾಸು ಕೂತೆ. ತಾಯಿ ಬಾಯಲ್ಲಿ ಹುಳ ಹಿಡಿದುಕೊಂಡು ಬಂದು, ನನ್ನನ್ನು ನೋಡಿ, ಬೇಲಿ ಮೇಲೆ ಕೂತು ಕೂಗುತ್ತಿತ್ತು. ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಕೊನೆಗೆ ಮರಿಗಳ ಹಸಿವು ತಡೆಯಲಾರದೆ ಬಂದೇ ಬಂತು. ನನಗೆ ಬೇಕಾದ ಫೋಟೋ ಸಿಕ್ಕಿತು. ಕಣ್ಣು ಸೂಜಿಯಷ್ಟು ಚುರುಕು, ಹಿನ್ನೆಲೆ ಹಸಿರು, ಮರಿಗಳ ಕೆಂಪು ಬಾಯಿ. ಆ ರಾತ್ರಿಯೇ ಎಲ್ಲರಿಗೂ ಕಳಿಸಿದೆ. 'ತಾಯಿ ಪ್ರೀತಿ', 'ಅಮ್ಮ ಅಂದ್ರೆ ಅಮ್ಮ' ಎಂದು ನೂರಾರು ಮಂದಿ ಬರೆದರು.

ಮಾರನೇ ದಿನ ಬೆಳಿಗ್ಗೆ ಗೂಡು ವಾಲಿತ್ತು, ಒಳಗೆ ಏನೂ ಇರಲಿಲ್ಲ. ಯಾವುದು ಒಯ್ದಿತೋ ನಾನು ನೋಡಲಿಲ್ಲ. ಅವ್ವ ನೀರು ತರಲು ಬಂದವಳು ಗಿಡದ ಹತ್ತಿರ ನಿಂತು, 'ಎಲಿ ಇದ್ದಿದ್ರ ಕಾಗಿಗೆ ಕಾಣ್ತಿರ್ಲಿಲ್ಲ ಅಲ್ಲೇನೋ' ಅಂದಳು. ಬೈಯಲಿಲ್ಲ. ಅಷ್ಟೇ ಹೇಳಿ ಹೋದಳು. ಸ್ವಲ್ಪ ಹೊತ್ತಿಗೆ ಆ ತಾಯಿ ಪಿಕಳಾರ ಬಾಯಲ್ಲಿ ಹುಳ ಹಿಡಿದು ಬಂತು. ಖಾಲಿ ಗೂಡಿನ ಅಂಚಿನಲ್ಲಿ ಕೂತಿತು. ಹುಳವನ್ನು ತಿನ್ನಲೂ ಇಲ್ಲ, ಬಿಡಲೂ ಇಲ್ಲ. ಎರಡು ಸಲ ಹಾಗೆ ಬಂದು ಹೋಯಿತು. ಆ ಫೋಟೋ ನಾನು ತೆಗೆಯಲಿಲ್ಲ. ಆದರೆ ಅದೊಂದೇ ನನ್ನ ಹತ್ತಿರ ಮಸುಕಾಗದೆ ಉಳಿದಿದೆ.

ಸಮಿತಿಯವರು 'ಶಾಲೆಯೇ ತಾಯಿ' ಎಂಬ ತಲೆಬರಹದ ಜೊತೆ ಮುಖಪುಟಕ್ಕೆ ಕೇಳಿದ್ದು ಆ ಗುಟುಕಿನ ಫೋಟೋವನ್ನು. ನಾನು ಯಾಕೆ ಕೊಡಲಿಲ್ಲ ಎಂಬುದು ಈಗ ನಿಮಗೆ ಗೊತ್ತಾಯಿತು. ತಾಂತ್ರಿಕವಾಗಿ ಅದು ನಾನು ತೆಗೆದ ಅತ್ಯುತ್ತಮ ಫೋಟೋಗಳಲ್ಲಿ ಒಂದು. ಮೇಲೆ ಹೇಳಿದ ಯಾವ ನಿಯಮವನ್ನೂ ಅದು ಮುರಿಯುವುದಿಲ್ಲ. ಅದರಲ್ಲಿ ಏನನ್ನೂ ಸೇರಿಸಿಲ್ಲ, ಏನನ್ನೂ ಕಂಪ್ಯೂಟರಿನಲ್ಲಿ ಅಳಿಸಿಲ್ಲ. ಅಳಿಸಿದ್ದು ಗಿಡದಲ್ಲಿ.

ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದದ ಅರ್ಥವನ್ನು ಓದಿದಾಗ ನನಗೆ ಗಾಬರಿಯಾಯಿತು. ಕೊಲ್ಲುವುದು, ಹಿಡಿಯುವುದು ಮಾತ್ರ ಬೇಟೆಯಲ್ಲ. ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಆ ಅರ್ಥದೊಳಗೆ ಬರುತ್ತದೆ. ಕೋವಿ ಹಿಡಿದವನಷ್ಟೇ ಅಲ್ಲ, ಕ್ಯಾಮೆರಾ ಹಿಡಿದವನೂ ಬೇಟೆಗಾರನಾಗಬಹುದು.

ಅಂದಿನಿಂದ ನಾನು ಗೂಡಿನ ಫೋಟೋ ತೆಗೆಯುವುದಿಲ್ಲ. ಇನ್ನು ಕೆಲವು ಸಂಗತಿ ರೂಢಿ ಮಾಡಿಕೊಂಡಿದ್ದೇನೆ. ಬಯಲಿನಲ್ಲಿ ನಡೆಯುವಾಗ ಟಿಟ್ಟಿಭ ತಲೆ ಮೇಲೆ ಹಾರುತ್ತಾ ಕೂಗಿದರೆ ಹತ್ತಿರದಲ್ಲೇ ನೆಲದ ಮೇಲೆ ಅದರ ಮೊಟ್ಟೆಗಳಿರಬಹುದು ಎಂದು ತಿಳಿದು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತೇನೆ. ಹಾರುವ ಫೋಟೋ ಬೇಕೆಂದು ಕೂತ ಹಕ್ಕಿಯನ್ನು ಎಬ್ಬಿಸುವುದಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಮಧ್ಯ ಏಷ್ಯಾದ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಒಬ್ಬರು ಹಿಂಡು ಒಟ್ಟಿಗೆ ಏಳಲಿ ಎಂದು ಕಲ್ಲು ಎಸೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಷ್ಟು ದೂರದಿಂದ ಬಂದು ಇಲ್ಲಿ ಹೊಟ್ಟೆ ತುಂಬಿಸಿಕೊಂಡು, ಮತ್ತೆ ಅದೇ ಹಿಮಾಲಯ ದಾಟಬೇಕಾದ ಹಕ್ಕಿ ಅದು. ಪ್ರತಿ ಸಲ ಎದ್ದು ಹಾರಿದಾಗ ಖರ್ಚಾಗುವುದು ಆ ಪ್ರಯಾಣಕ್ಕೆ ಕೂಡಿಟ್ಟ ಕೊಬ್ಬು. ಕಾದರೆ ಅವು ತಾವಾಗಿಯೇ ಏಳುತ್ತವೆ. ಮೇಯಲು ಹೊಲಕ್ಕೆ ಹೋಗುವ ಹೊತ್ತು, ಕೆರೆಗೆ ಮರಳುವ ಹೊತ್ತು ಊರಿನ ರೈತರಿಗೆ ಚೆನ್ನಾಗಿ ಗೊತ್ತು. ಅವರನ್ನು ಕೇಳಿ ಹೋಗಿ ಕೂತರೆ ಸಾಕು.

ಇನ್ನೊಂದು ಎಚ್ಚರಿಕೆ ನನ್ನ ವೃತ್ತಿಯದು. ಫೋನಿನಲ್ಲಿ ಲೊಕೇಷನ್ ಚಾಲೂ ಇದ್ದರೆ ಪ್ರತಿ ಫೋಟೋದೊಳಗೆ ಅದನ್ನು ತೆಗೆದ ಜಾಗದ ಅಕ್ಷಾಂಶ, ರೇಖಾಂಶ ಬರೆದಿರುತ್ತದೆ. ನವಿಲಿನ ಮೊಟ್ಟೆಯ ಫೋಟೋ ಹಂಚಿದರೆ ಅದರ ವಿಳಾಸವನ್ನೂ ಹಂಚಿದಂತೆ ಆಗಬಹುದು. ನಕ್ಷತ್ರ ಆಮೆ, ಗೂಬೆ ಇಂಥವನ್ನು ಹುಡುಕಿ ಹಿಡಿದು ಮಾರುವವರಿದ್ದಾರೆ. ಹಂಚುವ ಮೊದಲು ಜಾಗದ ಮಾಹಿತಿ ತೆಗೆದುಹಾಕಿ. ಸೆಟ್ಟಿಂಗ್ಸಿನಲ್ಲಿ ಒಂದು ನಿಮಿಷದ ಕೆಲಸ.

ಮಕ್ಕಳೇ, 'ಸರ್, ನಮ್ಮ ಹತ್ತಿರ ಕ್ಯಾಮೆರಾ ಇಲ್ಲವಲ್ಲ' ಎಂದು ನೀವು ಅಂದುಕೊಳ್ಳುತ್ತಿರಬಹುದು. ಮನೆಯಲ್ಲಿ ಯಾರದಾದರೂ ಒಂದು ಫೋನ್ ಇದ್ದೇ ಇರುತ್ತದೆ. ಅದರಲ್ಲಿ ದೂರದ ಹಕ್ಕಿ ಸಿಗುವುದಿಲ್ಲ, ಆದರೆ ಬೇಲಿಯ ಓತಿಕ್ಯಾತ ಸಿಗುತ್ತದೆ, ಗೋಡೆಯ ಜಿಗಿಯುವ ಜೇಡ ಸಿಗುತ್ತದೆ, ಬೆಳಿಗ್ಗೆ ಇಬ್ಬನಿಯಲ್ಲಿ ರೆಕ್ಕೆ ಒಣಗಿಸಿಕೊಳ್ಳುವ ಚಿಟ್ಟೆ ಸಿಗುತ್ತದೆ. ದುರ್ಬೀನಿನ ಕಣ್ಣಿಗೆ ಫೋನಿನ ಲೆನ್ಸ್ ಹಚ್ಚಿದರೆ ಹಕ್ಕಿಯೂ ಸಿಗುತ್ತದೆ, ಕೈ ನಡುಗದಂತೆ ಗೋಡೆಗೆ ಆನಿಸಿಕೊಳ್ಳಬೇಕು. ಒಂದು ತಿಂಗಳು ಶಾಲೆಯ ಬೇವಿನ ಮರದ ಕಾಗೆಯೊಂದನ್ನೇ ತೆಗೆಯಿರಿ. ಕಪ್ಪು ಹಕ್ಕಿಯ ಗರಿಯಲ್ಲಿ ನೀಲಿ ಹೊಳಪು ತರುವುದು ಹುಲಿ ಫೋಟೋ ತೆಗೆಯುವುದಕ್ಕಿಂತ ಕಷ್ಟ. ಅದು ಬಂದರೆ ಎಲ್ಲವೂ ಬರುತ್ತದೆ.

ಸುವರ್ಣ ಮಹೋತ್ಸವದ ನೆನಪಿಗೆ ನಮ್ಮ ತಂಡದ ಗೆಳೆಯರೆಲ್ಲ ಸೇರಿ ಶಾಲೆಗೆ ನಾಲ್ಕು ದುರ್ಬೀನು ಮತ್ತು ಒಂದು ದಪ್ಪ ರಿಜಿಸ್ಟರ್ ಕೊಡುತ್ತಿದ್ದೇವೆ. ಕೆರೆಗೆ ಹೋದ ದಿನ, ಹೊತ್ತು, ಕಂಡ ಹಕ್ಕಿ, ಎಷ್ಟು ಕಂಡವು ಎಂಬುದನ್ನು ಅದರಲ್ಲಿ ಬರೆಯಿರಿ. ಹತ್ತು ಎಣಿಸುವುದರೊಳಗೆ ದುರ್ಬೀನು ಕೊಡಬೇಕಾದ ಕಷ್ಟ ನಿಮಗಿಲ್ಲ. ಶತಮಾನೋತ್ಸವಕ್ಕೆ ಬರುವವರಿಗೆ ನನ್ನ ಫೋಟೋಗಳಿಗಿಂತ ನಿಮ್ಮ ಆ ರಿಜಿಸ್ಟರ್ ಹೆಚ್ಚು ಬೆಲೆಬಾಳುತ್ತದೆ.

ಮುಖಪುಟಕ್ಕೆ ಬೇರೆ ಫೋಟೋ ಕೊಟ್ಟಿದ್ದೇನೆ. ಅದೇ ಬಣ್ಣದ ಕೊಕ್ಕರೆಯದು, ಮೂಲ ಫೈಲಿನಿಂದ ಹೊಸದಾಗಿ ತಿದ್ದಿದ್ದು. ಗೆರೆ ನೇರ ಮಾಡಿದ್ದೇನೆ, ಬೆಳಕು ಸ್ವಲ್ಪ ಇಳಿಸಿದ್ದೇನೆ, ಅಷ್ಟೇ. ಅದರಲ್ಲಿ ಕಂಬ ಇದೆ, ಮೂರು ತಂತಿ ಇದೆ, ಕೆಳಗೆ ಮೂಲೆಯಲ್ಲಿ ನಮ್ಮ ಶಾಲೆಯ ಹೆಂಚಿನ ಸೂರೂ ಕಾಣುತ್ತದೆ. ಈ ಸಲ ಅಪ್ಪನಿಗೆ ತೋರಿಸಿದಾಗ ಅವರು ತುಂಬ ಹೊತ್ತು ನೋಡಿ, 'ಹೌದು, ನಮ್ಮ ಕೆರಿ' ಅಂದರು.